ಪೆಟ್ರೋಲ್ ದರದ ಜೊತೆ ಅದರ ಲೆಕ್ಕವನ್ನೂ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಉಡುಪಿ ಜಿಲ್ಲೆ ಕಾಪು ತಾಲ್ಲೂಕಿನ ಪಾದೂರಿನವನು. ಸರ್ಕಾರ ಬಂಡೆ ಕೊರೆದು ಗುಹೆ ಮಾಡಿ ಕಚ್ಚಾ ತೈಲ ಕೂಡಿಟ್ಟಿರುವುದು ಇಲ್ಲೇ. ಹೆದ್ದಾರಿ ಬದಿಯ ಒಂದು ಪೆಟ್ರೋಲ್ ಬಂಕಿನಲ್ಲಿ 23 ವರ್ಷ ಕೆಲಸ ಮಾಡಿದೆ. ಮಂಡಿ ನೋವು ಜಾಸ್ತಿಯಾದ ಮೇಲೆ ಬಿಟ್ಟೆ. ಈಗಲೂ ಮದುವೆ ಮನೆಯಲ್ಲಿ, ಸೆಲೂನಿನಲ್ಲಿ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. “ನಮ್ಮೂರಿನ ಬಂಡೆ ಕೆಳಗೇ ಅಷ್ಟೊಂದು ಎಣ್ಣೆ ಇಟ್ಟಿದ್ದಾರೆ. ಮಂಗಳೂರಿನಲ್ಲಿ ಎಣ್ಣೆ ಶುದ್ಧ ಮಾಡುವ ಎಂಆರ್‌ಪಿಎಲ್ ಕಾರ್ಖಾನೆ ಇದೆ. ಆದರೂ ಪೆಟ್ರೋಲ್ ನೂರರ ಮೇಲೆ ಯಾಕೆ?” ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ ಎಂದು ಅವರಿಗೆ ಬೇಜಾರು.

ಆದರೆ ಆ ಬೆಣ್ಣೆ ನಮ್ಮ ಹಟ್ಟಿಯ ದನದ್ದಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರದೇಶದ್ದು. ಮಂಗಳೂರು ಬಂದರು ಇರುವ ಪಣಂಬೂರಿನ ಆಚೆ ಕಡಲಲ್ಲಿ ನಿಲ್ಲುವ ಟ್ಯಾಂಕರ್ ಹಡಗುಗಳು ತರುವುದು ಅದನ್ನೇ. ಅದಕ್ಕೆ ಡಾಲರಿನಲ್ಲಿ ದುಡ್ಡು ಕೊಡಬೇಕು. ರೂಪಾಯಿ ಇಳಿದರೆ, ಅಲ್ಲಿ ಬೆಲೆ ಏರದಿದ್ದರೂ ನಮಗೆ ಏರಿದ ಹಾಗೆಯೇ. ಒಂದು ಬ್ಯಾರಲ್ ಅಂದರೆ 159 ಲೀಟರ್. ಅದರಿಂದ ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಡಾಂಬರು ಎಲ್ಲ ಒಟ್ಟಿಗೇ ಬರುತ್ತವೆ. ಪೆಟ್ರೋಲ್ ಒಂದೇ ಸಾಕು ಎಂದರೆ ಆಗುವುದಿಲ್ಲ.

ಇನ್ನು ನಮ್ಮೂರ ಗುಹೆಯ ಮಾತು. ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುತ್ತದೆ, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ. ಕೇಳುವಾಗ ಸಮುದ್ರದಷ್ಟು ಅನ್ನಿಸುತ್ತದೆ, ಅಲ್ವಾ? ಮೂರೂ ತುಂಬಿದ್ದರೆ ಇಡೀ ದೇಶಕ್ಕೆ ಸಾಕಾಗುವುದು ಸುಮಾರು ಒಂಬತ್ತೂವರೆ ದಿನಕ್ಕೆ ಮಾತ್ರ. ಅಜ್ಜಿ ಮಳೆಗಾಲದ ಆಟಿ ತಿಂಗಳಿಗೆಂದು ಹುಲ್ಲಿನಲ್ಲಿ ಅಕ್ಕಿ ಮುಡಿ ಕಟ್ಟಿಸಿ ಇಡುತ್ತಿದ್ದರು. ಪೇಟೆಯಲ್ಲಿ ಅಕ್ಕಿ ತುಟ್ಟಿಯಾಯಿತೆಂದು ಆ ಮುಡಿ ಬಿಚ್ಚಲು ಬಿಡುತ್ತಿರಲಿಲ್ಲ. ಇದೂ ಹಾಗೆಯೇ. ಹಡಗು ಬರದೇ ಹೋದ ದಿನಕ್ಕೆ ಇಟ್ಟದ್ದು.

ಇಷ್ಟು ಹೇಳಿದರೆ ಜನ ಒಪ್ಪುತ್ತಾರೆ. ಒಪ್ಪಿಸಲು ಕಷ್ಟವಾಗುವುದು ತೆರಿಗೆಯ ವಿಷಯ. 2020ರಲ್ಲಿ ಕೊರೊನಾ ಬಂದು ಕಚ್ಚಾ ತೈಲ ನೆಲಕ್ಕೆ ಬಿದ್ದಿತ್ತು. ಬಂಕಿನಲ್ಲಿ ದರ ಇಳಿಯಲಿಲ್ಲ. ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು. ಆಮೇಲೆ 2021ರಲ್ಲಿ, 2022ರಲ್ಲಿ ಸ್ವಲ್ಪ ಇಳಿಸಿದರು, ನಿಜ. ರಾಜ್ಯದವರೂ ಕಡಿಮೆ ಏನಲ್ಲ. 2024ರ ಜೂನಿನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಶೇಕಡ 29.84ಕ್ಕೆ ಏರಿ ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. ಕೇರಳದಲ್ಲಿ ತೆರಿಗೆ ಇನ್ನೂ ಜಾಸ್ತಿ. ಅದಕ್ಕೇ ಮಂಜೇಶ್ವರದ ಗಾಡಿಗಳು ಗಡಿಯ ತಲಪಾಡಿ ದಾಟಿ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ.

2022ರ ಮಾರ್ಚ್ ಮಾತ್ರ ನಾನು ಮರೆಯಲಾರೆ. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ಗಗನಕ್ಕೇರಿತ್ತು. ನಮ್ಮಲ್ಲಿ ಮಾತ್ರ ನಾಲ್ಕೂವರೆ ತಿಂಗಳಿಂದ ದರ ಕದಲಿರಲಿಲ್ಲ. ಆಮೇಲೆ ಮಾರ್ಚ್ 22ರಿಂದ 16 ದಿನದಲ್ಲಿ 14 ಸಲ ಏರಿತು. ಒಟ್ಟು ಹತ್ತು ರೂಪಾಯಿ. ಬೆಳಿಗ್ಗೆ ಆರಕ್ಕೆ ಹೊಸ ದರ ಬರುತ್ತಿತ್ತು. ಆರೂಕಾಲಿಗೆ ಮೊದಲ ಗಿರಾಕಿಯಿಂದ ನಮಗೆ ಬೈಗುಳ. ಒಬ್ಬ ರಿಕ್ಷಾದವರು ನೂರರ ನೋಟನ್ನು ನನ್ನ ಮುಖಕ್ಕೆ ಎಸೆದರು. ಅವರ ಸಿಟ್ಟು ತಪ್ಪಲ್ಲ, ಬಾಡಿಗೆ ಏರದೆ ಎಣ್ಣೆ ಏರಿದರೆ ಅವರು ಮನೆಗೆ ಏನು ಒಯ್ಯುವುದು? ಆದರೆ ಡೀಲರಿಗೆ ಸಿಗುವುದು ಲೀಟರಿಗೆ ಕೆಲವೇ ರೂಪಾಯಿ ಕಮಿಷನ್. ನನ್ನದು ತಿಂಗಳ ಸಂಬಳ.

ಅದೇ ಸಮಯದಲ್ಲಿ ಒಂದು ಸಂಜೆ, ನಾಳೆಯಿಂದ ಪೆಟ್ರೋಲ್ ಸಿಗಲ್ಲ ಎಂದು ವಾಟ್ಸಾಪಿನಲ್ಲಿ ಯಾರೋ ಹಾಕಿದರು. ದಿನಾ ನೂರು ರೂಪಾಯಿಗೆ ಹಾಕಿಸುವವರೂ ಫುಲ್ ಟ್ಯಾಂಕ್ ಎಂದರು. ಕ್ಯಾನ್ ಹಿಡಿದುಕೊಂಡೂ ಬಂದರು. ರಾತ್ರಿ ಹತ್ತಕ್ಕೆ ಡಿಪ್ ಕೋಲು ಇಳಿಸಿ ನೋಡಿದರೆ ಟ್ಯಾಂಕಿನ ತಳ. ನೋ ಸ್ಟಾಕ್ ಬೋರ್ಡು ತೂಗಿದೆವು. ಆ ಬೋರ್ಡಿನ ಫೋಟೊ ಮತ್ತೆ ವಾಟ್ಸಾಪಿಗೆ ಹೋಯಿತು. ಮರುದಿನ ಬೆಳಿಗ್ಗೆ ಟ್ಯಾಂಕರ್ ಲಾರಿ ಎಂದಿನ ಹೊತ್ತಿಗೇ ಬಂತು. ಆ ರಾತ್ರಿ ಆಸ್ಪತ್ರೆಗೆ ಹೊರಟಿದ್ದ ಒಂದು ಕುಟುಂಬವನ್ನು ಎಣ್ಣೆ ಇಲ್ಲದೆ ವಾಪಸ್ ಕಳಿಸಿದ್ದು ನನಗೆ ಇಂದಿಗೂ ಚುಚ್ಚುತ್ತದೆ.

ಅದಕ್ಕೇ ನನ್ನ ಕೋರಿಕೆ. ನೀವು ಪೇಟೆ ಧಾರಣೆಯಲ್ಲಿ ಅಡಿಕೆ, ತೆಂಗಿನಕಾಯಿ ದರ ಹಾಕುತ್ತೀರಿ. ಅದರ ಪಕ್ಕ ವಾರಕ್ಕೊಮ್ಮೆಯಾದರೂ ಉಡುಪಿಯ ಒಂದು ಲೀಟರ್ ಪೆಟ್ರೋಲಿನ ಲೆಕ್ಕ ಹಾಕಿ. ಎಣ್ಣೆಗೆ ಎಷ್ಟು, ಕೇಂದ್ರಕ್ಕೆ ಎಷ್ಟು, ರಾಜ್ಯಕ್ಕೆ ಎಷ್ಟು, ಡೀಲರಿಗೆ ಎಷ್ಟು. ಬ್ಯಾರಲ್ ಬೆಲೆ ಆ ವಾರ ಏರಿತೋ ಇಳಿಯಿತೋ ಎಂದೂ ಒಂದು ಸಾಲು ಇರಲಿ. ನಾಲ್ಕು ಬೆರಳಿನಷ್ಟು ಜಾಗ ಸಾಕು. ಮುಂದಿನ ಸಲ ಸೆಲೂನಿನಲ್ಲಿ ಯಾರಾದರೂ ಕೇಳಿದರೆ ನಾನು ನಿಮ್ಮ ಪೇಪರನ್ನೇ ತೆಗೆದು ತೋರಿಸುತ್ತೇನೆ.

ಇಂತಿ,
ಒಬ್ಬ ಹಳೆಯ ಬಂಕ್ ನೌಕರ, ಪಾದೂರು