ಅಪ್ಪಾಜಿಗೆ, ನಮ್ಮ ಕರಿಯನ ವಿಚಾರವಾಗಿ

ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪಾಜಿಯವರಿಗೆ ಹಾಗೂ ಅವ್ವನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ.

ಹೋದ ವಾರ ಫೋನಿನಲ್ಲಿ ಕರಿಯ ಬೊಗಳುವುದನ್ನು ಕೇಳಿ ನೀವು, "ಎರಡೇಟು ಹಾಕು, ಸುಮ್ಮನಾಗ್ತೈತಿ" ಎಂದಿರಿ. ಅವ್ವ, ಯಾರಿಗಾದರೂ ಕೊಟ್ಟುಬಿಡು ಎಂದಳು. ಎರಡನ್ನೂ ನಾನು ಮಾಡಲಾರೆ. ಅದರ ಕಾರಣ ತಿಳಿಸಲೆಂದೇ ಈ ಪತ್ರ.

ನಾನಿರುವ ದೋಣಿ ನಮ್ಮ ಆನೆಗೊಂದಿಯ ಹರಿಗೋಲಿನಂಥದ್ದಲ್ಲ. 7 ಅಡಿಗೂ ತುಸು ಕಡಿಮೆ ಅಗಲದ, 50 ಅಡಿಗೂ ಮೀರಿ ಉದ್ದದ ಉಕ್ಕಿನ ಮನೆ. ಅದನ್ನು ಕಾಲುವೆಯ ದಂಡೆಗೆ ಕಟ್ಟಿದರೆ, ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲುದಾರಿ ಕಿಟಕಿಯ ಮಗ್ಗುಲಲ್ಲೇ ಇರುತ್ತದೆ. ಅಲ್ಲಿ ಓಡುವವರು, ಸೈಕಲ್ಲಿನವರು ದಿನವಿಡೀ ಹಾಯುತ್ತಾರೆ. ಕರಿಯ ಬೊಗಳುತ್ತಾನೆ, ಅವರು ತಮ್ಮ ಪಾಡಿಗೆ ಮುಂದೆ ಹೋಗುತ್ತಾರೆ, ತಾನೇ ಓಡಿಸಿದೆನೆಂದು ಅವನು ನಂಬುತ್ತಾನೆ. ಪ್ರತಿ ಸಲವೂ ಗೆಲ್ಲುವವನು ಬಿಡುವುದೇಕೆ? ನಮ್ಮ ಬಾಳೆತೋಟದಲ್ಲಿ ಮಂಗಗಳನ್ನು ಅಟ್ಟುವ ನಾಯಿಗೆ ಇದೇ ಗುಣಕ್ಕಾಗಿ ನೀವು ಕರೆದು ರೊಟ್ಟಿ ಹಾಕುತ್ತೀರಿ. ನಾನು ಗದರಿದಾಗಲೆಲ್ಲ ನಾನೂ ಅವನ ಜೊತೆಗೂಡಿದೆನೆಂಬಂತೆ ಅವನ ದನಿ ಏರುತ್ತಿತ್ತು. ಹೊಡೆದರೆ, ಹೊರಗೆ ಹೆಜ್ಜೆ ಸಪ್ಪಳವಾದಾಗ ಏಟು ಬೀಳುತ್ತದೆಂದು ಕಲಿತು, ದಾರಿಹೋಕರಿಗೆ ಇನ್ನಷ್ಟು ಅಂಜುತ್ತಾನೆ.

ಮೊದಲು ಕಿಟಕಿಗಳ ಕೆಳಭಾಗಕ್ಕೆ ಮಬ್ಬು ಹಾಳೆ ಅಂಟಿಸಿದೆ. ಬಳಿಕ ಅವ್ವ ಕೊಟ್ಟ ಕರಿ ಕಂಬಳಿಯನ್ನು ಮಡಿಸಿ ಒಲೆಯ ಪಕ್ಕ ಹಾಸಿ, ಯಾವ ಸದ್ದೂ ಇಲ್ಲದ ಹೊತ್ತಿನಲ್ಲಿ ಅವನು ಅದರ ಮೇಲೆ ಮಲಗಿದಾಗಲೆಲ್ಲ ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರು ಕೊಟ್ಟೆ. ಆಮೇಲೆ ಸೈಕಲ್ ಗಂಟೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಅವನ ಕಿವಿಯಷ್ಟೇ ಅಲುಗುವಂತೆ ಮೆಲ್ಲಗೆ ಕೇಳಿಸಿ, ಬೊಗಳುವ ಮೊದಲೇ ಚೂರು ಕೊಡುತ್ತ, ದಿನ ಕಳೆದಂತೆ ಸದ್ದು ಏರಿಸಿದೆ. ಅವಸರಪಟ್ಟು ಒಮ್ಮೆಲೇ ಜೋರು ಮಾಡಿದ ದಿನ ವಾರದ ಕೆಲಸವೆಲ್ಲ ಕೆಟ್ಟು, ಮರಳಿ ಮೊದಲಿನಿಂದ ಹಿಡಿಯಬೇಕಾಯಿತು. ಕಾಯಂ ನಿಲುಗಡೆ ಇಲ್ಲದ ನನ್ನಂಥವರು ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ. ಆದ್ದರಿಂದ ಹೊಸ ದಂಡೆ ಸೇರಿದ ಕೂಡಲೇ, ಚಹಾಕ್ಕೂ ಮುಂಚೆ, ಅವನು ಮನಸಾರೆ ಮೂಸುವಂತೆ ಸುತ್ತಲೂ ನಿಧಾನವಾಗಿ ಅಡ್ಡಾಡಿಸುತ್ತೇನೆ. ಮೂಸಿ ತಿಳಿದ ಜಾಗದಲ್ಲಿ ಅವನ ಗಾಬರಿ ಕಡಿಮೆ.

ನಿನ್ನೆ ಸಂಜೆ ಮಳೆಯಲ್ಲಿ ಯಾರೋ ಕೆಮ್ಮುತ್ತ ಕಿಟಕಿಯ ಬಳಿಯೇ ಹಾದುಹೋದರು. ಕರಿಯನ ಕೊರಳಲ್ಲಿ ಗುರ್ ಎಂಬ ಸದ್ದು ಹುಟ್ಟಿ ಅಲ್ಲಿಯೇ ನಿಂತಿತು. ನನ್ನ ಮುಖ ನೋಡಿದ, ಎದ್ದುಹೋಗಿ ಕಂಬಳಿಯ ಮೇಲೆ ಕುಳಿತ, ಆಮೇಲೆ ಗದ್ದವನ್ನು ಮುಂಗಾಲಿನ ಮೇಲಿಟ್ಟ. ಚೂರು ಕೊಡುವಾಗ ನನ್ನ ಕೈ ನಡುಗಿತು, ಅಪ್ಪಾಜಿ.

ಬೇರೆ ನಾಯಿಗಳನ್ನು ಕಂಡರೆ ಈಗಲೂ ಬೊಗಳುತ್ತಾನೆ. ಅದಕ್ಕೆ ಇನ್ನೂ ತಿಂಗಳುಗಳು ಬೇಕು. ಕಂಬಳಿಯ ಒಂದು ಅಂಚು ಹರಿದಿದೆ. ಕಾಕಾ ಕೊಪ್ಪಳಕ್ಕೆ ಹೋದಾಗ ಅಂಥದೇ ಒರಟು ಉಣ್ಣೆಯದು ಸಿಕ್ಕರೆ ಒಂದು ತಂದಿಡಲು ಹೇಳಿರಿ, ಬಂದಾಗ ಒಯ್ಯುತ್ತೇನೆ.

ನಿಮ್ಮ ಮಗಳು