ಹಸಿರು ಗುಂಡಿ ಕೇಳುತ್ತಿದ್ದ ಪ್ರಶ್ನೆ: ಮೊಬೈಲ್ ಸ್ಟಾರ್ಟರ್ ಹಾಕಿಸಿದ ಗೆಳೆಯನಿಗೊಂದು ಪತ್ರ

ಲೋ ಮಹರಾಯ,

ಮುಳಬಾಗಿಲು ಕಡೆಯ ತೋಟದ ಬೋರಿಗೆ ಫೋನಿನಿಂದಲೇ ಮೋಟರ್ ಆನ್-ಆಫ್ ಮಾಡುವ ಮೊಬೈಲ್ ಸ್ಟಾರ್ಟರ್ ಬಂತು, ಇನ್ನು ಕೋಲಾರದ ಮನೆಯಲ್ಲಿ ದಿಂಬಿಗೆ ಒರಗಿಕೊಂಡೇ ಟೊಮೇಟೊಗೆ ನೀರು ಬಿಡುತ್ತೀಯ ಅಂತ ನಿನ್ನ ಸ್ಟೇಟಸ್ಸಿನಲ್ಲಿ ನೋಡಿದೆ. ಅಂತರಗಂಗೆ ಬೆಟ್ಟದಲ್ಲಿ ಕಳೆದುಹೋದ ನನ್ನ ಒಂದು ಕಾಲಿನ ಚಪ್ಪಲಿ ಮೇಲಾಣೆ, ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ. ಡಿಲೇ, ಅಂದರೆ ಕರೆಂಟು ಬಂದ ಮೇಲೆ ಮೋಟರ್ ಏಳುವ ಮುಂಚೆ ಕಾಯುವ ಹೊತ್ತು, ಎಷ್ಟಿಡಬೇಕು ಅಂತ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ. ಎಲ್ಲರ ಮುಂದೆ ಹಾಕುತ್ತಿರುವುದಕ್ಕೂ ಕಾರಣ ಇದೆ: ನಿನ್ನ ಟಿಸಿಯಿಂದಲೇ (ಟ್ರಾನ್ಸ್‌ಫಾರ್ಮರ್) ಲೈನ್ ಎಳೆದುಕೊಂಡಿರುವ ಉಳಿದ ಐದು ಜನರೂ ಇಲ್ಲೇ ಓದುತ್ತಾ ಕೂತಿದ್ದಾರೆ.

ಮೊದಲು ಹಳೇ ಸ್ಟಾರ್ಟರ್ ಡಬ್ಬದ ಮಾತು. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್‌ಗೆ ಕರೆಂಟು ಹರಿದು ಅದು ಕಾಂಟ್ಯಾಕ್ಟುಗಳನ್ನು ಎಳೆದು ಹಿಡಿಯುತ್ತದೆ. ಕರೆಂಟು ಹೋದರೆ ಕೈಬಿಡುತ್ತದೆ. ಮತ್ತೆ ಕರೆಂಟು ಬಂದರೂ ತಾನಾಗಿ ಹಿಡಿಯುವುದಿಲ್ಲ, ಯಾರಾದರೂ ಬಂದು ಗುಂಡಿ ಒತ್ತಲೇಬೇಕು. ಇದು ಡಬ್ಬದ ದಡ್ಡತನವಲ್ಲ. ಯಾರದೋ ಕೈ ಯಂತ್ರದೊಳಗೆ ಇರುವಾಗ ಅದು ತಿರುಗಿಬಿಡಬಾರದು ಅಂತ ಬೇಕೆಂದೇ ಮಾಡಿದ ಏರ್ಪಾಟು. ಕರೆಂಟು ಬಂದಾಗಲೆಲ್ಲ ಆ ಡಬ್ಬ "ಇಲ್ಲಿ ಯಾರಾದರೂ ಇದ್ದೀರಾ?" ಅಂತ ಕೇಳುತ್ತಿತ್ತು ಅನ್ನು.

ಆ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಕಡೆ ಜನ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹೋಗುತ್ತಿದ್ದರು. ಹಾವು, ಒದ್ದೆ ಕಾಲು, ಶಾಕು. ಆ ಕಾಲವೇ ಚೆನ್ನಾಗಿತ್ತು ಅನ್ನುವವರು ಒಂದು ವಾರ ಹೋಗಿಬರಲಿ, ಆಮೇಲೆ ಮಾತಾಡೋಣ.

ಕರೆಂಟು ಬಂದ ಕೂಡಲೇ ತಾನೇ ಮೋಟರ್ ಎಬ್ಬಿಸುವ ಆಟೋ ಸ್ವಿಚ್ ಆ ಪ್ರಶ್ನೆಯನ್ನೇ ಕಿತ್ತುಹಾಕಿತು. ಈಗ ಲೆಕ್ಕ ನೋಡು. ಸುಲಭವಾಗಲಿ ಅಂತ ಒಂದೊಂದು ಮೋಟರೂ 10 ಎಚ್‌ಪಿ ಅಂದುಕೋ. ಓಡುವಾಗ ಹೆಚ್ಚುಕಡಿಮೆ 15 ಆಂಪಿಯರ್ ಎಳೆಯುತ್ತದೆ. ನೇರವಾಗಿ ಸ್ಟಾರ್ಟ್ ಮಾಡಿದರೆ ಮೊದಲ ಕ್ಷಣಗಳಲ್ಲಿ ಅದರ ಆರು ಪಟ್ಟು, ಅಂದರೆ 90. ನಿಮ್ಮದು 63 ಕೆವಿಎ ಟಿಸಿ, ಅದರ ತಾಕತ್ತು ಫೇಸಿಗೆ 85 ಆಂಪಿಯರ್ ಆಸುಪಾಸು. ಆರು ಮೋಟರ್ ಸುಮ್ಮನೆ ಓಡುತ್ತಿದ್ದರೇ ಅದಕ್ಕೆ ಏದುಸಿರು. ಆರೂ ಆಟೋದಲ್ಲಿದ್ದು ಕರೆಂಟು ಬಂದ ತಕ್ಷಣ ಒಟ್ಟಿಗೇ ಎದ್ದರೆ 540. ಮೋಟರನ್ನು ಮೆಲ್ಲಗೆ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಮೂರನೇ ಒಂದು ಭಾಗ, ಆದರೂ 180, ಟಿಸಿ ತಾಕತ್ತಿನ ಎರಡರಷ್ಟು. ಲೈನಿನಲ್ಲಿ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು 80 ಪರ್ಸೆಂಟಿಗೆ ಬಿದ್ದರೆ ಮೋಟರಿನ ತಿರುಗುವ ಬಲ 64ಕ್ಕೆ ಬೀಳುತ್ತದೆ. ಎದ್ದೇಳಲಾರದ ಮೋಟರ್ ಗುಂಯ್ ಅನ್ನುತ್ತಾ ಐದು ಪಟ್ಟಿನ ಆಸುಪಾಸು ಕರೆಂಟು ಎಳೆಯುತ್ತಲೇ ಇರುತ್ತದೆ. ಫ್ಯೂಸ್ ಹೋದರೆ ಪುಣ್ಯ. ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಂತಿ ಸುತ್ತಿದ್ದರೆ ಟಿಸಿಯೇ ಹೋಗುತ್ತದೆ. ಯಾರು ಸುತ್ತಿದ್ದು ಅಂತ ಇಲ್ಲಿ ಕೇಳಬೇಡ, ಓದುತ್ತಿದ್ದಾರೆ.

ಹಾಗಾದರೆ ಮುಂಚೆ ಯಾಕೆ ಅಷ್ಟು ಸುಡುತ್ತಿರಲಿಲ್ಲ? ಒಬ್ಬ ತೋಟದಲ್ಲೇ ಮಲಗಿರುತ್ತಿದ್ದ, ಒಬ್ಬ ಊರಿಂದ ನಡೆದು ಬರಬೇಕಿತ್ತು, ಇನ್ನೊಬ್ಬನಿಗೆ ನಿದ್ದೆ ಬಿಡುತ್ತಿರಲಿಲ್ಲ. ಟಿಸಿಯನ್ನು ಕಾಯುತ್ತಿದ್ದದ್ದು ಆ ಸೋಮಾರಿತನ. ಯಾವ ಸರ್ಕ್ಯೂಟಿನ ಚಿತ್ರದಲ್ಲೂ ಬರೆಯದ ಬಿಡಿಭಾಗ ಅದು.

ಮೊಬೈಲ್ ಸ್ಟಾರ್ಟರ್ ಆಟೋ ಅಲ್ಲ, ಒತ್ತುವವನು ನಾನೇ ಅನ್ನುತ್ತೀಯ. ಒಪ್ಪಿದೆ. ಆದರೆ "ಕರೆಂಟು ಬಂದಿದೆ" ಅಂತ ಆರು ಫೋನಿಗೂ ಒಂದೇ ನಿಮಿಷದಲ್ಲಿ ಕರೆ ಬರುತ್ತದೆ, ಆರು ಬೆರಳೂ ಒಟ್ಟಿಗೇ ಒತ್ತುತ್ತವೆ. ಆಟೋ ಆದದ್ದು ನೀವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು, ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ. ನಮ್ಮ ಜಿಲ್ಲೆಗೆ ಕರೆಂಟು ಬಂದದ್ದೇ ಆಳಕ್ಕೆ ಇಳಿಯಲಿಕ್ಕೆ: ಆಗ ಚಿನ್ನಕ್ಕೆ, ಈಗ ನೀರಿಗೆ. ಇಳಿದಷ್ಟೂ ಮೋಟರ್ ದೊಡ್ಡದು.

ಡಿಲೇ ವಿಷಯ. ಮೂರು ನಿಮಿಷಕ್ಕಿಂತ ಕಡಿಮೆ ಯಾರೂ ಇಡಬೇಡಿ. ಮೋಟರ್ ನಿಂತಾಗ ಪೈಪಿನಲ್ಲಿರುವ ನೀರಿನ ಕಂಬ ಕೆಳಗೆ ಜಗ್ಗುತ್ತದೆ. ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್, ಅಂದರೆ ಎನ್‌ಆರ್‌ವಿ, ಸವೆದಿದ್ದರೆ ಪಂಪು ಹಿಂದಕ್ಕೆ ತಿರುಗುತ್ತದೆ, ಆಗ ಕರೆಂಟು ಕೊಟ್ಟರೆ ಶಾಫ್ಟ್ ಮುರಿಯಬಹುದು. ಲೈನಿನ ಕೊನೆಯಲ್ಲಿರುವವನು ಮೊದಲು ಏಳಬೇಕು, ಅವನಿಗೆ ಸಿಗುವ ವೋಲ್ಟೇಜೇ ಕಡಿಮೆ, ಲೈನು ಖಾಲಿ ಇದ್ದಾಗಲೇ ಎದ್ದುಬಿಡಲಿ. ಅವನಿಗೆ 3, ಮುಂದಿನವನಿಗೆ 4, ಹೀಗೆ. ಫೋನಿನಿಂದ ಒತ್ತುವವರೂ ಇದೇ ಸರದಿ ಹಿಡಿಯಿರಿ.

ಡ್ರೈ ರನ್ ಸೆಟ್ಟಿಂಗನ್ನು (ಬೋರಿನಲ್ಲಿ ನೀರು ಬತ್ತಿ ಆಂಪಿಯರ್ ಬಿದ್ದಾಗ ಮೋಟರ್ ತಾನೇ ಟ್ರಿಪ್ ಆಗಿ ನಿಲ್ಲುವುದು) ಅಂಗಡಿಯವನು ಇಟ್ಟ ಹಾಗೇ ಬಿಡಬೇಡ. ತಂತಿಗೆ ಕಚ್ಚಿಸಿ ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೀರು ತುಂಬಿ ಬರುವಾಗ ಎಷ್ಟು ಆಂಪಿಯರ್, ಗಾಳಿ ಉಗುಳಲು ಶುರುವಾದಾಗ ಎಷ್ಟು ಅಂತ ಬರೆದುಕೊಂಡು ಎರಡರ ನಡುವೆ ಇಡು. ನೀರೊಳಗಿನ ಮೋಟರಿಗೆ ನೀರೇ ತಂಪು, ಒಣಗಿ ಓಡಿದರೆ ಮೊದಲು ಬುಷ್ಷು, ಆಮೇಲೆ ವೈಂಡಿಂಗ್. ಆಂಟೆನಾ ಕಬ್ಬಿಣದ ಡಬ್ಬದ ಹೊರಗಿರಲಿ, ಒಳಗಿದ್ದರೆ ಸಿಗ್ನಲ್ ಸಾಯುತ್ತದೆ.

ನನಗೆ ತಲೆ ಕೊರೆಯುತ್ತಿರುವುದು ಬೇರೆ. ಹೈಡೆಗರ್ ಅನ್ನುವ ಜರ್ಮನ್ ತತ್ವಜ್ಞಾನಿ 1927ರಲ್ಲೇ ಹೇಳಿದ: ಸುತ್ತಿಗೆ ಸರಿಯಾಗಿ ಕೆಲಸ ಮಾಡುತ್ತಿರುವಾಗ ಅದು ನಮ್ಮ ಗಮನಕ್ಕೇ ಬರುವುದಿಲ್ಲ, ಮುರಿದಾಗಲೇ ಕಾಣುವುದು ಅಂತ. (ನೀನು ಅವನನ್ನು ಹೆಡ್‌ಗೇರ್ ಅಂದದ್ದು ಮರೆತಿಲ್ಲ.) ಆದರೆ "ನಾನು ಚೆನ್ನಾಗಿ ಓಡುತ್ತಿದ್ದೇನೆ" ಅಂತ ತಾನೇ ಫೋನ್ ಮಾಡುವ ಸುತ್ತಿಗೆ ಅವನಿಗೆ ಗೊತ್ತಿರಲಿಲ್ಲ. ನಿನ್ನ ಸ್ಟಾರ್ಟರ್ ಅಳೆಯುವುದು ಕರೆಂಟನ್ನು. ನೀರು ಅದಕ್ಕೆ ಕಾಣುವುದಿಲ್ಲ. ಪೈಪಿನ ಜಾಯಿಂಟ್ ಬಿಟ್ಟು ನೀರೆಲ್ಲ ಬದುವಿಗೆ ಹರಿಯುತ್ತಿದ್ದರೂ ಆಂಪಿಯರ್ ಬೀಳುವುದಿಲ್ಲ. ಡ್ರಿಪ್ ಪೈಪನ್ನು ಇಲಿ ಕಡಿದಿರಲಿ, ಉಪ್ಪು ಕಟ್ಟಿ ಕೊನೆಯ ಸಾಲಿನ ತೂತುಗಳು ಮುಚ್ಚಿರಲಿ, ನಿನಗೆ ಬರುವ ಉತ್ತರ ಒಂದೇ, ಅದೂ ಇಂಪಾದ ಹೆಣ್ಣುದನಿಯಲ್ಲಿ: ಮೋಟರ್ ಆನ್ ಆಗಿದೆ. ಗುಂಡಿ ಒತ್ತಲು ಹೋದವನು ಹಾಗೇ ಸಾಲಿನ ಕೊನೆಗೂ ಒಂದು ಸುತ್ತು ಹಾಕಿ ಬರುತ್ತಿದ್ದ. ಹೋಗುವ ಕೆಲಸ ತಪ್ಪಿತು, ಅದರ ಜೊತೆ ನೋಡುವುದೂ ತಪ್ಪಿತು.

ಇದನ್ನು ಹೇಳಲು ನನಗೇನು ಹಕ್ಕಿದೆ? ವಾಟ್ಸಾಪಿನಲ್ಲಿ ಅಮ್ಮನ ಹೆಸರಿನ ಕೆಳಗೆ "ಲಾಸ್ಟ್ ಸೀನ್ 5:40" ಅಂತ ಇದ್ದರೆ ನನಗೆ ಅಷ್ಟೇ ಸಾಕು. ಆಂಪಿಯರ್ ಇದೆ, ಮೋಟರ್ ಓಡುತ್ತಿದೆ, ಫೋನ್ ಕೆಳಗೆ. ಕರೆ ಮಾಡಿದರೆ ಏನಾದರೂ ಹೇಳಿಬಿಡುತ್ತಾಳೆ, ಹೇಳಿದರೆ ಹೋಗಬೇಕಾಗುತ್ತದೆ. ಅದಕ್ಕೇ ಮಾಡುವುದಿಲ್ಲ. ಈ ಸಾಲು ಬರೆಯುವವರೆಗೆ ನನಗೇ ಇದು ಗೊತ್ತಿರಲಿಲ್ಲ.

ಸರಿ, ಡ್ರೈ ರನ್ ಟ್ರಿಪ್ ಆಯಿತು. ನೀರು ಊರಲಿ, ಅರ್ಧ ಗಂಟೆ ಬಿಟ್ಟು ನೋಡೋಣ.

ನಿನಗೆ ಫೋನ್ ಮಾಡಿ ಐದು ನಿಮಿಷದಲ್ಲಿ ಹೇಳಬಹುದಾಗಿದ್ದನ್ನು ಇಷ್ಟುದ್ದ ಬರೆದು ಲೈಕಿಗೆ ಕಾಯುತ್ತಾ ಕೂರುವವನು ಯಂತ್ರದ ಬಗ್ಗೆ ಉಪದೇಶ ಮಾಡುತ್ತಿದ್ದಾನೆ. ನಗು. ಸ್ಟಾರ್ಟರಿನೊಳಗಿನ ಸಿಮ್ಮಿಗೆ ರೀಚಾರ್ಜ್ ಮರೆಯಬೇಡ, ಅವಧಿ ಮುಗಿದರೆ ಅದು ನಿನ್ನ ಮೇಲೆ ಮುನಿಸಿಕೊಂಡ ಹಾಗೇ ಸುಮ್ಮನಾಗುತ್ತದೆ. ಟಿಸಿ ನಿನ್ನ ಬದುವಿನಲ್ಲೇ ಇರುವುದರಿಂದ ಸರದಿಯಲ್ಲಿ ನಿನ್ನದೇ ಕೊನೆ: 8 ನಿಮಿಷ. ಮುಖ ಊದಿಸಿಕೊಳ್ಳದೆ ಬರೆದುಕೋ.

ಇಂತಿ,
ಒಂದೇ ಕಾಲಿನ ಚಪ್ಪಲಿಯವನು