ಎಲ್ಕ್‌ಹಾರ್ನ್‌ಗೆ ಹೊರಟ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಒಮಾಹಾದಿಂದ ಅಣ್ಣನ ಮನೆಗೆ ಹೋಗುವ ದಾರಿಯಲ್ಲಿ ಎಲ್ಕ್‌ಹಾರ್ನ್‌ನಲ್ಲಿ ಹತ್ತು ನಿಮಿಷ ನಿಂತು, ಗಾಳಿಗಿರಣಿಯ ಮುಂದೆ ಮಗುವಿನ ಫೋಟೋ ತೆಗೆದುಕೊಳ್ಳುವುದಾಗಿ ಬರೆದಿದ್ದೀಯೆ. ಡೆನ್ಮಾರ್ಕಿನಿಂದ ವಲಸೆ ಬಂದವರು ನೆಲೆಸಿದ, ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರಿಗೆ ಅರ್ಧ ದಿನವನ್ನಾದರೂ ಇಟ್ಟುಕೊ ಎಂದು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಬಾರಿ ನಾನು ಅಲ್ಲಿಗೆ ಬಂದಾಗ ನಿನ್ನ ಅಣ್ಣ ನನ್ನನ್ನು ಕರೆದೊಯ್ದಿದ್ದ.

ಆ ಗಿರಣಿಯನ್ನು ಪ್ರವಾಸಿಗರಿಗಾಗಿ ಕಟ್ಟಿದ ಪ್ರತಿಕೃತಿಯೆಂದು ತಿಳಿಯಬೇಡ. ಅದು 1848ರಲ್ಲಿ ಡೆನ್ಮಾರ್ಕಿನ ನೋರ್ರೆ ಸ್ನೇಡೆ ಎಂಬಲ್ಲಿ ಎದ್ದ ಗಿರಣಿ. 1975ರಲ್ಲಿ ಎಲ್ಕ್‌ಹಾರ್ನ್‌ನವರು ತಾವೇ ಹಣ ಕೂಡಿಸಿ ಅದನ್ನು ಕೊಂಡುಕೊಂಡರು. ಡೆನ್ಮಾರ್ಕಿನ ಬಡಗಿಗಳು ತೊಲೆ, ಹಲಗೆಗಳಿಗೆಲ್ಲ ಸಂಖ್ಯೆ ಹಾಕಿ ಬಿಚ್ಚಿದರು. ಹಡಗಿನಲ್ಲಿ ಸಾಗರ ದಾಟಿ ಬಂದ ಆ ಮರವನ್ನು ಮುನ್ನೂರಕ್ಕೂ ಹೆಚ್ಚು ಸ್ವಯಂಸೇವಕರು ಮತ್ತೆ ಜೋಡಿಸಿ, ಸುಮಾರು ಅರವತ್ತು ಅಡಿ ಎತ್ತರಕ್ಕೆ ನಿಲ್ಲಿಸಿದರು. ಕೆಲವು ನೂರು ಜನರಷ್ಟೇ ವಾಸಿಸುವ ಊರು ಇಷ್ಟು ಮಾಡಿತಲ್ಲ ಎಂದು ನನ್ನ ಮನಸ್ಸು ತುಂಬಿ ಬಂದಿತ್ತು. ಮಗುವಿನ ಕೈ ಹಿಡಿದು ಒಳಗೆ ಹತ್ತು. ಮೇಲಿನ ಕಲ್ಲು ತಿರುಗುತ್ತದೆ, ಕೆಳಗಿನದು ಅಲುಗುವುದಿಲ್ಲ, ನಡುವಿನ ಕಾಳು ಅಂಚಿನಿಂದ ಹಿಟ್ಟಾಗಿ ಉದುರುತ್ತದೆ. ನಮ್ಮ ಹಿತ್ತಲ ಪಡಸಾಲೆಯಲ್ಲಿ ನಿನ್ನ ಅಜ್ಜಿ ರಾಗಿ ಬೀಸುತ್ತಿದ್ದ ಕಲ್ಲೂ ಹೀಗೆಯೇ ಇತ್ತು ಎಂದು ಅವನಿಗೆ ತೋರಿಸಿ ಹೇಳು.

ಅಲ್ಲಿಂದ 1908ರಲ್ಲಿ ಕಟ್ಟಿದ 'ಬೆಸ್ಟೆಮೋರ್' ಮನೆಗೆ ಹೋಗು. ಡೇನಿಷ್ ಭಾಷೆಯಲ್ಲಿ ಬೆಸ್ಟೆಮೋರ್ ಎಂದರೆ ಅಜ್ಜಿ. ವಲಸೆ ಬಂದ ಡೇನಿಷರ ವಸ್ತುಗಳನ್ನು ಕಾಪಾಡಿರುವ ಮ್ಯೂಸಿಯಂ ಕೂಡ ಅದೇ ಊರಿನಲ್ಲಿದೆ. ತಮ್ಮ ವಂಶದ ಮೂಲ ಹುಡುಕಿಕೊಂಡು ಬರುವವರಿಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಸಮಯವಿದ್ದರೆ ನೆರೆಯ ಕಿಂಬಲ್ಟನ್‌ನಲ್ಲಿರುವ ಮತ್ಸ್ಯಕನ್ಯೆಯ ಪ್ರತಿಮೆಯನ್ನೂ ನೋಡಬಹುದು. ಅದು ಕೋಪನ್‌ಹೇಗನ್‌ನ ಪ್ರತಿಮೆಯ ನಕಲು, ಬಿಟ್ಟರೂ ನಷ್ಟವಿಲ್ಲ.

ಮರ ಉಳಿಯಿತು, ಮನೆ ಉಳಿಯಿತು, ಆದರೆ ಭಾಷೆ ಹಾಗೆ ಉಳಿಯಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದು. ಅದೇ ಊರಿನಲ್ಲಿ 1878ರಷ್ಟು ಹಿಂದೆಯೇ ಡೇನಿಷರು ತಮ್ಮ ರೀತಿಯ ಜನಪದ ಶಾಲೆ ತೆರೆದಿದ್ದರು. ಮೊದಲ ಮಹಾಯುದ್ಧದ ಸಮಯದಲ್ಲಿ, 1918ರ ಮೇ ತಿಂಗಳಲ್ಲಿ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಶಾಲೆ, ರೈಲು, ಸಾರ್ವಜನಿಕ ಸ್ಥಳ, ಚರ್ಚಿನ ಪ್ರವಚನ, ಕೊನೆಗೆ ಟೆಲಿಫೋನಿನಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಾಡಬಾರದೆಂದು ಘೋಷಣೆ ಹೊರಡಿಸಿದರು. ಆ ಆಜ್ಞೆ ವರ್ಷ ತುಂಬುವ ಮೊದಲೇ ಹೋಯಿತು. ಭಾಷೆಗೆ ಅದೊಂದೇ ಪೆಟ್ಟಾಗಿರಲಾರದು. ಮಕ್ಕಳಿಗೆ ಶಾಲೆಯ ಮಾತೇ ಹಗುರವಾಗುವುದು ಎಲ್ಲ ವಲಸಿಗರ ಮನೆಯಲ್ಲೂ ಕಾಣುವ ಸಂಗತಿ. ಬಿಚ್ಚಿಟ್ಟ ತೊಲೆಗೆ ಸಂಖ್ಯೆ ಬರೆದು ಮುಂದೆ ಜೋಡಿಸಬಹುದು, ಆಡದೆ ಬಿಟ್ಟ ಮಾತಿಗೆ ಆ ಅನುಕೂಲವಿಲ್ಲ.

ನಿನ್ನನ್ನು ಯಾರೂ ತಡೆಯುತ್ತಿಲ್ಲ, ಮಗಳೇ. ಹೀಗಿರುವಾಗ ಮಗು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನೀನೂ ಇಂಗ್ಲಿಷಿನಲ್ಲೇ ಉತ್ತರಿಸುವುದನ್ನು ಫೋನಿನಲ್ಲಿ ಕೇಳಿಸಿಕೊಂಡಾಗ ನನಗೆ ನೋವಾಗುತ್ತದೆ. ಅವನನ್ನು ಗದರಬೇಡ, ತಿದ್ದುತ್ತಲೂ ಕೂರಬೇಡ. ನೀನು ಮಾತ್ರ ಕನ್ನಡದಲ್ಲಿಯೇ ಉತ್ತರಿಸುತ್ತಿರು. ನಿನ್ನ ಪೆಟ್ಟಿಗೆಯಲ್ಲಿರುವ ಅಜ್ಜಿಯ ಹಳೆಯ ಫೋಟೋಗಳ ಹಿಂದೆ ಯಾರು ಯಾರೆಂದು ಪೆನ್ಸಿಲಿನಲ್ಲಿ ಬರೆದಿಡು. ಹೆಸರು ಮರೆತಿದ್ದರೆ ನನ್ನನ್ನು ಕೇಳು, ನನಗೆ ಎಲ್ಲವೂ ನೆನಪಿದೆ.

ಭಾನುವಾರ ರಾತ್ರಿ ಫೋನ್ ಮಾಡು. ಗಿರಣಿಯ ಕಲ್ಲು ಹೇಗೆ ತಿರುಗಿತು ಎಂಬುದನ್ನು ಅವನೇ ನನಗೆ ಹೇಳಲಿ, ಎಷ್ಟು ತಡವರಿಸಿದರೂ ನಾನು ಕಾಯುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ